ಮುಯ್ಯಿಗೆ ಹೋದ ಗೋಲ್‌ಕೀಪರ್

ಶಿಕಾರಿಪುರದ ಫುಟ್‌ಬಾಲ್ ತಂಡಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ನನ್ನ ಪದವಿಯನ್ನಲ್ಲ, ಶಿಕಾರಿಪುರಕ್ಕೊಂದು ಫುಟ್‌ಬಾಲ್ ತಂಡವಿತ್ತು ಎಂಬುದನ್ನೇ ನಂಬುವುದಿಲ್ಲ. ಇತ್ತು ಮಾರಾಯರೆ. ತೊಂಬತ್ತರ ದಶಕದ ನಡುವಿನಲ್ಲಿ, ಊರಿಗೆ ಊರೇ ಟಿವಿ ಮುಂದೆ ಕೂತು ಕ್ರಿಕೆಟ್ ನೋಡುತ್ತಿದ್ದಾಗ, ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ನಾವೊಂದಿಷ್ಟು ಜನ ಚೆಂಡು ಒದೆಯುತ್ತಿದ್ದೆವು. ಒದೆಯುತ್ತಿದ್ದೆವು ಎಂದೆ, ಗೆಲ್ಲುತ್ತಿದ್ದೆವು ಅಂತ ಹೇಳಿಲ್ಲ.

ಸುತ್ತಲಿನ ಆರು ಊರುಗಳ ತಂಡಗಳು ಸೇರಿ ಒಂದು ಲೀಗ್ ನಡೆಸುತ್ತಿದ್ದವು. ನಮ್ಮದು, ಸೊರಬದ್ದು, ಶಿರಾಳಕೊಪ್ಪದ್ದು, ಆನವಟ್ಟಿಯದು, ಹೀಗೆ. ದೀಪಾವಳಿ ಕಳೆದ ಮೇಲೆ ಭಾನುವಾರಗಳಂದು ಆಟ ಶುರು. ಭತ್ತದ ಕೊಯ್ಲು ಬಂತೆಂದರೆ ಅರ್ಧಕ್ಕರ್ಧ ಆಟಗಾರರು ಗದ್ದೆಯಲ್ಲಿರುತ್ತಿದ್ದರು, ಹಾಗಾಗಿ ಲೀಗ್ ನಿಲ್ಲುತ್ತಿತ್ತು. ಸಂಕ್ರಾಂತಿ ಮುಗಿಸಿಕೊಂಡು ಮತ್ತೆ ಆಟ, ಶಿವರಾತ್ರಿಯ ಹೊತ್ತಿಗೆ ಮುಕ್ತಾಯ. ಕೊನೆಯಲ್ಲಿ ಉಳಿದ ತಂಡವನ್ನು ತೆಗೆದು, ಕಾಯುತ್ತಿರುವ ಇನ್ನೊಂದು ಊರಿಗೆ ಜಾಗ ಕೊಡುವುದು ನಿಯಮ. ನಡುವಿನ ಸುಗ್ಗಿ ಬಿಡುವಿನಲ್ಲಿ ಮಾತ್ರ ಒಂದು ತಂಡ ಇನ್ನೊಂದು ತಂಡದಿಂದ, ಅವರು ಒಪ್ಪಿದರೆ, ಒಬ್ಬ ಆಟಗಾರನನ್ನು ತಂದುಕೊಳ್ಳಬಹುದಿತ್ತು. ಸಂಕ್ರಾಂತಿ ಕಳೆದರೆ ಬಾಗಿಲು ಬಂದ್. ಈಗ ಪರದೇಶದ ತಂಡಗಳು ಚಳಿಗಾಲದಲ್ಲಿ ಆಟಗಾರರನ್ನು ಕೊಳ್ಳುವುದನ್ನು ಟಿವಿಯವರು ಮದುವೆ ಮನೆಯ ಸಡಗರದಲ್ಲಿ ಹೇಳುವಾಗ ನನಗೆ ನಗು ಬರುತ್ತದೆ. ಆಮೇಲೆ ಭಾವನ ನೆನಪಾಗಿ ನಗು ನಿಂತುಹೋಗುತ್ತದೆ.

ಆ ವರ್ಷ ಸುಗ್ಗಿ ಬಿಡುವಿನ ಹೊತ್ತಿಗೆ ನಾವು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು, ಹೇಳುವ ಬಾಯಿ ಮಾತ್ರ ಯಾರಿಗೂ ಇರಲಿಲ್ಲ. ನಮ್ಮ ಗೋಲ್‌ಕೀಪರ್ ಕೈಯಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ. ಆ ಗೋಲ್‌ಕೀಪರ್ ನಮ್ಮ ಭಾವ, ನನ್ನ ಒಬ್ಬಳೇ ಅಕ್ಕನ ಗಂಡ. ತಂಡದ ಅಧ್ಯಕ್ಷರು ನಮ್ಮ ಅಪ್ಪ.

ಅಪ್ಪನಿಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಬಯಲಿನ ವಿಷಯಕ್ಕೆ ತಾಲೂಕು ಕಚೇರಿಯಲ್ಲಿ ಮಾತಾಡುವ ಹಿರಿಯರೊಬ್ಬರು ಬೇಕಿತ್ತು, ಅಕ್ಕಿ ಗಿರಣಿಯ ಮಾಲೀಕರೆಂದು ಇವರನ್ನು ಕೂರಿಸಿದ್ದರು. ಪಂದ್ಯ ನೋಡಲು ಬಂದರೆ ಚೆಂಡು ಯಾವ ಕಡೆ ಹೋದರೂ ಒಂದೇ ಮುಖ ಮಾಡಿಕೊಂಡು ಕೂರುತ್ತಿದ್ದರು.

ಭಾವ ನಮ್ಮ ಮನೆಗೆ ಬಂದದ್ದು ಮನೆ ಅಳಿಯನಾಗಿ. ಅಕ್ಕನಿಗೂ ನನಗೂ ವಯಸ್ಸಿನ ಅಂತರ ಬಹಳ. ಅವಳ ಮದುವೆಯ ಹೊತ್ತಿಗೆ ನಾನು ಇನ್ನೂ ಚಡ್ಡಿ ಎಳೆದುಕೊಂಡು ಓಡಾಡುವ ಹುಡುಗ. ಗಿರಣಿ ಆಗಷ್ಟೇ ಶುರುವಾಗಿತ್ತು, ಅಪ್ಪನಿಗೆ ಜೊತೆಗೊಂದು ಗಂಡಾಳು ಬೇಕಿತ್ತು. ಸೊರಬದ ಹತ್ತಿರದ ಕುಪ್ಪಗಡ್ಡೆಯಲ್ಲಿ ಅಣ್ಣತಮ್ಮಂದಿರು ತುಂಬಿದ ಒಂದು ಮನೆಯಿಂದ ಭಾವನನ್ನು ಕೇಳಿ, ಇಲ್ಲೇ ಇರಬೇಕೆಂಬ ಮಾತಿನ ಮೇಲೆ ಅಕ್ಕನನ್ನು ಕೊಟ್ಟು ಮದುವೆ ಮಾಡಿದರು. ಮನೆ ಅಳಿಯನ ಬಗ್ಗೆ ನಮ್ಮಲ್ಲಿರುವ ಗಾದೆಗಳನ್ನು ಇಲ್ಲಿ ಬರೆಯಲಾರೆ, ಒಂದರಲ್ಲೂ ಮರ್ಯಾದೆ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಅವರಿಗೆ ಮರ್ಯಾದೆ ಬೇಕಾದಷ್ಟಿತ್ತು. ಅಪ್ಪ ಅವರನ್ನು ಅಳಿಯಂದ್ರೆ ಎಂದೇ ಕರೆಯುತ್ತಿದ್ದರು. ಊಟದ ಮೊದಲ ತಟ್ಟೆ ಅವರಿಗೆ. ಬಿಸಿನೀರಿನ ಮೊದಲ ತಂಬಿಗೆ ಅವರಿಗೆ.

ಕೆಲಸದ ಕಥೆ ಬೇರೆ. ನಾನು ದೊಡ್ಡವನಾಗುತ್ತ ಹೋದಂತೆ ಅವರ ಕೆಲಸ ಸಣ್ಣದಾಗುತ್ತ ಹೋಯಿತು. ಡಿಗ್ರಿ ಮುಗಿಸಿ ಬಂದ ವರ್ಷವೇ ಗಿರಣಿಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ನಾನೇನೂ ಕೇಳಿರಲಿಲ್ಲ, ಅಪ್ಪನೂ ಕೊಟ್ಟೆ ಎಂದು ಹೇಳಲಿಲ್ಲ, ಬಂತು ಅಷ್ಟೇ. ಭತ್ತ ಇಳಿಸಿಕೊಳ್ಳುವುದನ್ನು ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬಂದ. ಲಾರಿಯವರು ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ಭಾವ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಿರಣಿಗೆ ಬಂದು ಕುರ್ಚಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಓದಿದ ಪೇಪರನ್ನೇ ಮಧ್ಯಾಹ್ನ ಮತ್ತೆ ಓದುತ್ತಿದ್ದರು. ಸಾಯಂಕಾಲ ಬಯಲಿಗೆ ಹೋಗಿ ಎರಡು ಕಂಬದ ನಡುವೆ ನಿಂತಾಗ ಮಾತ್ರ ಅವರದು ಅಂತ ಒಂದು ಜಾಗ. ಆ ಜಾಗ ಮಾವನ ಮನೆಯವರು ಕೊಟ್ಟದ್ದಲ್ಲ. ಸೊರಬದಲ್ಲಿ ಶಾಲೆಗೆ ಹೋಗುವಾಗಲೇ ಅವರು ಗೋಲ್‌ಕೀಪರ್ ಆಗಿದ್ದರಂತೆ. ಈಗ ಅದನ್ನೂ ಬಿಡಿ ಎನ್ನಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ತಂಡ ಉಳಿಯಬೇಕಾದರೆ ಒಬ್ಬ ಕೀಪರ್ ಬೇಕು ಎಂದು ಕೊನೆಗೆ ಬಾಯಿ ಬಿಟ್ಟವನು ನಮ್ಮ ನಾಯಕ. ಅವನದು ಗಿರಣಿಯ ಪಕ್ಕದಲ್ಲೇ ಟೈಲರ್ ಅಂಗಡಿ. ತಂಡದ ಎಲ್ಲ ಪೆನಾಲ್ಟಿ ಹೊಡೆಯುವವನೂ ಅವನೇ, ಎಲ್ಲ ಜಗಳ ತೆಗೆಯುವವನೂ ಅವನೇ. ಭಾವ ಊಟಕ್ಕೆ ಹೋದ ಹೊತ್ತು ನೋಡಿ ಗಿರಣಿಗೆ ಬಂದು, ಹೆಸರೆತ್ತದೆ, ಕಂಬದ ನಡುವೆ ಸ್ವಲ್ಪ ಎತ್ತರದ ಜನ ಇದ್ದರೆ ಚೆನ್ನಾಗಿತ್ತು ಎಂದ. ಭಾವ ನಮ್ಮೆಲ್ಲರಿಗಿಂತ ಎತ್ತರವಿದ್ದರು. ಅಪ್ಪ, ಆಗಲಿ ನೋಡಿ ಎಂದರು. ಯಾರ ಜಾಗಕ್ಕೆ ಎಂದು ಅವರೂ ಕೇಳಲಿಲ್ಲ.

ನೋಡಿದೆವು. ಮೊದಲು ಸಿಕ್ಕವನು ಉಡುತಡಿಯ ಒಬ್ಬ ಕಬಡ್ಡಿ ಪಟು. ಕೈ ಉದ್ದ, ಹಿಡಿತ ಗಟ್ಟಿ, ಪಕ್ಕದೂರಿನ ತಂಡದಲ್ಲಿ ಅವನ ಹೆಸರೂ ದಾಖಲಾಗಿತ್ತು. ಬಯಲಿಗೆ ಕರೆಸಿ ಕಂಬದ ನಡುವೆ ನಿಲ್ಲಿಸಿ ಚೆಂಡು ಹೊಡೆದೆವು. ಹಿಡಿದ. ಹಿಡಿದವನೇ ಅದನ್ನು ಎದೆಗೆ ಅವುಚಿಕೊಂಡು, ಅಡ್ಡ ಬಂದವರನ್ನು ಕೆಡವಿ, ನಡುಗೆರೆ ಮುಟ್ಟಲು ಓಡಿದ. ಹಾಗೆ ಮಾಡಬಾರದಪ್ಪ ಎಂದು ಎಷ್ಟು ಹೇಳಿದರೂ ಮತ್ತೆ ಮತ್ತೆ ಓಡಿದ. ನಾನು ಸಿಟ್ಟಿನಿಂದ ಕೂಗಾಡಿದೆ, ಉಳಿದವರು ಬಿದ್ದು ಬಿದ್ದು ನಕ್ಕರು. ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದವರು ಭಾವ. ಹೊಸ ಕೀಪರ್ ಬೇಕಾದದ್ದು ಯಾಕೆ ಎಂದು ಅವರು ಕೇಳಲಿಲ್ಲ. ಪಾಪ, ಆ ಹುಡುಗನಿಗೆ ಮೊಣಕಾಲು ಮಡಚಿ ನಿಲ್ಲುವುದು ಹೇಗೆಂದು ತೋರಿಸಿಕೊಟ್ಟರು.

ಎರಡನೆಯವನು ಕಾರ್ಖಾನೆಯ ಊರೊಂದರಲ್ಲಿ ದೊಡ್ಡ ದೊಡ್ಡ ಪಂದ್ಯ ಆಡಿದವನು. ಬಂದ, ಬಯಲು ನೋಡಿದ, ಬಯಲಿನಲ್ಲಿ ಮೇಯುತ್ತಿದ್ದ ಎಮ್ಮೆಗಳನ್ನು ನೋಡಿದ, ಚಹಾ ಕುಡಿದು ಹೋದ. ಉಳಿದದ್ದು ಸೊರಬ ಒಂದೇ. ಅವರಲ್ಲಿ ಇಬ್ಬರು ಕೀಪರ್‌ಗಳಿದ್ದರು. ಹಿರಿಯನೊಬ್ಬ ಎಲ್ಲ ಪಂದ್ಯ ಆಡುತ್ತಿದ್ದ, ಕಿರಿಯನೊಬ್ಬ ಸುಮ್ಮನೆ ಹೊರಗೆ ಕೂರುತ್ತಿದ್ದ. ಆ ಕಿರಿಯವನನ್ನು ಕೇಳೋಣ ಎಂದು ನಾನೂ ಟೈಲರನೂ ಬಸ್ ಹತ್ತಿದೆವು.

ಸೊರಬ ತಂಡದ ಯಜಮಾನರು ಹೊಸಬಾಳೆಯ ಕೃಷಿಕರು. ನಾವು ಹೋದಾಗ ಅವರ ಗದ್ದೆಯಲ್ಲಿ ಕೊಯ್ಲು. ಸಾಲು ಹಿಡಿದು ಕೊಯ್ಯುತ್ತಿದ್ದವರಲ್ಲಿ ಅವರ ತಂಡದ ಆಟಗಾರರೂ ಇದ್ದರು, ಬೇರೆ ಮನೆಗಳವರೂ ಇದ್ದರು. ಯಜಮಾನರು ಕತ್ತಿ ಕೆಳಗಿಟ್ಟು ಬದುವಿಗೆ ಬಂದು ನಮ್ಮನ್ನು ಕೂರಿಸಿ, ಮಜ್ಜಿಗೆ ತರಿಸಿ, ವಿಷಯ ಕೇಳಿದರು. ನಾನು ತಡವರಿಸಿ ಹೇಳಿದೆ. ಅವರು ಕೊಯ್ಯುತ್ತಿದ್ದವರ ಸಾಲಿನ ಕಡೆಗೊಮ್ಮೆ ನೋಡಿದರು.

“ಕೊಡಣ. ಆದ್ರೆ ಮುಯ್ಯಿ ಲೆಕ್ಕದಾಗೆ ಕೊಡದು. ನಮ್ಮನಿ ಕೀಪರ್ ನಿಮ್ಮನಿಗೆ ಬಂದ ಅಂದ್ರೆ, ನಿಮ್ಮನಿ ಕೀಪರ್ ನಮ್ಮನಿಗೆ ಬರದೇ ಸೈ,” ಎಂದರು.

ಮುಯ್ಯಿ ಎಂದರೆ ಆ ಕಡೆಯ ರೈತರ ಹಳೆಯ ಪದ್ಧತಿ. ಇವತ್ತು ನಿಮ್ಮ ಮನೆಯವರು ನನ್ನ ಗದ್ದೆಗೆ ಬಂದು ದುಡಿದರೆ, ನಾಳೆ ನನ್ನ ಮನೆಯವರು ನಿಮ್ಮ ಗದ್ದೆಗೆ ಬಂದು ದುಡಿಯಬೇಕು. ಕೂಲಿಯ ಮಾತಿಲ್ಲ. ಕೊಯ್ಯುವವನಿಗೆ ಕೊಯ್ಯುವವನು, ಹೊರೆ ಹೊರುವವನಿಗೆ ಹೊರುವವನು. ಮುಯ್ಯಿ ತೀರಿಸದ ಮನೆಗೆ ಮುಂದಿನ ವರ್ಷ ಯಾರೂ ಹೋಗುವುದಿಲ್ಲ. ಫುಟ್‌ಬಾಲಿಗೂ ಅದನ್ನೇ ಹಚ್ಚಿದ್ದು ಅವರಿಗೆ ಏನೂ ವಿಚಿತ್ರವಾಗಿ ಕಾಣಲಿಲ್ಲ. ನಮ್ಮ ಕೀಪರ್ ಯಾರೆಂದು ಅವರಿಗೆ ಗೊತ್ತಿತ್ತು. ಕುಪ್ಪಗಡ್ಡೆಯವರಲ್ವ, ನಮ್ಮ ಕಡೆಯವರೇ ಆಯಿತಲ್ಲ ಎಂದು ಸಂತೋಷವನ್ನೂ ಪಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಟೈಲರನಿಗೆ ಸ್ವರ್ಗ ಮೂರೇ ಗೇಣು. ಅವನ ಲೆಕ್ಕ ಹೀಗೆ: ಸೊರಬದವರಿಗೆ ಹಿರಿಯ ಕೀಪರ್ ಇದ್ದೇ ಇದ್ದಾನೆ. ಭಾವ ಭಾನುವಾರ ಹೋಗಿ, ಹೊರಗೆ ಕೂತು, ಊಟ ಮಾಡಿಕೊಂಡು ಬರುತ್ತಾರೆ. ಅವರನ್ನು ನಾವು ತೆಗೆದಂತೆಯೂ ಆಗುವುದಿಲ್ಲ, ಇನ್ನೊಂದು ಊರು ಕರೆದಂತಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ. ನನಗೂ ಅದು ಸರಿ ಎಂದೇ ಅನ್ನಿಸಿತು. ಅಕ್ಕಿ ಮಾರುವ ನಮಗೆ, ಅಂಗಿ ಹೊಲಿಯುವ ಅವನಿಗೆ, ಮುಯ್ಯಿ ಎಂಬ ಶಬ್ದ ಗೊತ್ತಿತ್ತೇ ಹೊರತು ಅದರ ಒಳಗಿನ ಕಟ್ಟುಪಾಡು ಗೊತ್ತಿರಲಿಲ್ಲ.

ಈಗ ಭಾವನಿಗೆ ಹೇಳಬೇಕಲ್ಲ. ಅಳಿಯನಿಗೆ ಕಹಿ ಮಾತನ್ನು ಮಾವ ಎದುರು ನಿಂತು ಹೇಳುವುದು ನಮ್ಮಲ್ಲಿಲ್ಲ. ಅಪ್ಪ ಅಮ್ಮನಿಗೆ ಹೇಳಿದರು. ಅಮ್ಮ ಅಕ್ಕನಿಗೆ ಹೇಳಿದಳು. ಅಕ್ಕ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆಯೇ, ನಾನು ಹೇಳೂದಿಲ್ಲ ಎಂದಳು. ನೀನು ಕಾರ್ಯದರ್ಶಿ, ನೀನೇ ಹೇಳು ಎಂದು ಅಪ್ಪ ನನ್ನ ಮೇಲೆ ಹರಿಹಾಯ್ದರು. ನೀವು ಅಧ್ಯಕ್ಷರು, ನೀವೇ ಹೇಳಿ ಎಂದು ನಾನೂ ಗುರುಗುಟ್ಟಿದೆ. ಇಬ್ಬರೂ ಗಂಟಲು ಏರಿಸದೆ, ಪಕ್ಕದ ಕೋಣೆಗೆ ಕೇಳದ ಹಾಗೆ ಜಗಳವಾಡಿದೆವು. ಮನೆ ಅಳಿಯ ಇರುವ ಮನೆಯಲ್ಲಿ ಜಗಳ ಮಾಡುವುದಕ್ಕೂ ಒಂದು ವಿದ್ಯೆ ಬೇಕು.

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಎಲ್ಲರೂ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಇದ್ದೆವು. ಮಧ್ಯಾಹ್ನದ ಊಟಕ್ಕೆ ಕೂತಾಗ ಭಾವನೇ ಮಾತು ತೆಗೆದರು. ಮುಖ ಎತ್ತಲಿಲ್ಲ, ತಟ್ಟೆ ನೋಡಿಕೊಂಡೇ ಹೇಳಿದರು.

“ಸೊರಬಕ್ಕೆ ನಾನೇ ಹೋಗಿ ಬರ್ತೀನಿ ಮಾವ. ಆ ಹುಡ್ಗ ಚಲೋ ಆಡ್ತಾನೆ, ಬರ್ಲಿ.”

ಅಪ್ಪನ ಕೈ ತುತ್ತಿನ ಮೇಲೆಯೇ ನಿಂತಿತು. ಏನಾದರೂ ಹೇಳಬೇಕಲ್ಲ, ಅಳಿಯಂದ್ರೆ, ಇನ್ನೊಂದು ಹೋಳಿಗೆ ಹಾಕಿಸ್ಕಳ್ರಿ ಎಂದರು. ಭಾವ ಹಾಕಿಸಿಕೊಂಡರು. ಅವರಿಗೆ ಯಾರು ಹೇಳಿದರು ಎಂದು ಇವತ್ತಿಗೂ ನನಗೆ ತಿಳಿಯದು. ಯಾರೂ ಹೇಳಿರಲಿಕ್ಕಿಲ್ಲ. ಅಷ್ಟು ವರ್ಷ ನಮ್ಮ ಮುಖ ನೋಡಿಕೊಂಡೇ ಬದುಕಿದ ಮನುಷ್ಯನಿಗೆ ಹೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ.

ಸೊರಬದ ಹುಡುಗ ಬಂದ, ನಮ್ಮ ದೆಸೆ ತಿರುಗಿತು. ಮೊದಲ ಪಂದ್ಯ ಸಮ ಮಾಡಿಕೊಂಡೆವು, ಎರಡನೆಯದನ್ನು ಗೆದ್ದೆವು. ಟೈಲರ್ ಬಯಲಿನಲ್ಲೇ ಕುಣಿದ. ಆದರೆ ಎರಡನೆಯ ಪಂದ್ಯಕ್ಕೆ ಬರುವಾಗ ಆ ಹುಡುಗ ಒಂದು ಸುದ್ದಿಯನ್ನೂ ತಂದ. ಸೊರಬದಲ್ಲಿ ಭಾವ ಹೊರಗೆ ಕೂತಿಲ್ಲ, ಆಡುತ್ತಿದ್ದಾರೆ. ಅವರ ಹಿರಿಯ ಕೀಪರನೇ ಹೊರಗೆ ಕೂತಿದ್ದಾನೆ.

ನಾನು ನಂಬದೆ ಮುಂದಿನ ಭಾನುವಾರ ಸೊರಬಕ್ಕೆ ಹೋದೆ. ಅವತ್ತು ನಮಗೆ ಪಂದ್ಯವಿರಲಿಲ್ಲ. ಹೊಸಬಾಳೆಯ ಯಜಮಾನರು ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಒಳ್ಳೆಯ ಕೀಪರ್‌ನನ್ನು ಹೊರಗೆ ಯಾಕೆ ಕೂರಿಸಿದಿರಿ ಎಂದು ಕೇಳಿದೆ. ನನ್ನನ್ನು ತಲೆ ಸರಿ ಇಲ್ಲದವನಂತೆ ನೋಡಿ, ಮನೆಯವನು ಕೂತರೂ ನಡೆಯುತ್ತದೆ, ಮುಯ್ಯಿಗೆ ಬಂದವರನ್ನು ಬದುವಿನ ಮೇಲೆ ಕೂರಿಸಿದರೆ ಕಳಿಸಿದ ಮನೆಗೆ ಅವಮಾನ ಮಾಡಿದಂತಲ್ಲವೇ ಎಂದರು. ನಿಮ್ಮಪ್ಪನಿಗೆ ನಾಳೆ ನಾನು ಏನು ಮುಖ ತೋರಿಸಲಿ ಎಂದೂ ಸೇರಿಸಿದರು. ನಮ್ಮ ಮರ್ಯಾದೆ ಕಾಪಾಡಲೆಂದೇ ಅವರು ತಮ್ಮ ತಂಡವನ್ನು ಪಣಕ್ಕಿಟ್ಟಿದ್ದರು. ಲೀಗಿನ ಪಟ್ಟಿಯಲ್ಲಿ ಅವರು ಮೇಲೂ ಇರಲಿಲ್ಲ ಕೆಳಗೂ ಇರಲಿಲ್ಲ, ಹಾಗಾಗಿ ಅದು ಅವರಿಗೆ ಭಾರವೂ ಆಗಿರಲಿಲ್ಲ. ನಾನು ಅವರ ಪಕ್ಕದಲ್ಲೇ ಕೂತು ಆಟ ನೋಡಿದೆ.

ನೋಡಿ ದಂಗಾದೆ. ಭಾವ ಬೇರೆಯೇ ಮನುಷ್ಯ. ಅವರ ಮುಂದೆ ಆಡುತ್ತಿದ್ದ ಸೊರಬದ ಹುಡುಗರು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಮುಂದೆ ಬಾರಾ, ಎಡಕ್ಕೆ ಸರಿಯಾ, ನಿದ್ದೆ ಮಾಡ್ತಿಯನಾ ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಭಾವನೂ ತಿರುಗಿಸಿ ಬೈಯುತ್ತಿದ್ದರು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಆವತ್ತೇ ಗೊತ್ತಾದದ್ದು. ಒಮ್ಮೆ ಚೆಂಡು ಜಾರಿಬಿಟ್ಟಾಗ ಒಬ್ಬ ಓಡಿಬಂದು ಅವರ ತಲೆಯ ಮೇಲೆ ಮೊಟಕಿ ಹೋದ. ಭಾವ ತಲೆ ಉಜ್ಜಿಕೊಂಡು ನಕ್ಕರು.

ನಮ್ಮ ತಂಡದಲ್ಲಿ ಅವರ ಮುಂದೆ ಆಡುತ್ತಿದ್ದವರು ಯಾರು? ಬಲಕ್ಕೆ ನಾನು, ಅವರ ಭಾವಮೈದುನ. ಎಡಕ್ಕೆ ನಮ್ಮ ಗಿರಣಿಯ ಮೇಸ್ತ್ರಿ. ನಡುವೆ ನಮ್ಮಿಂದ ಅಕ್ಕಿ ಒಯ್ಯುವ ಹೋಟೆಲಿನವನು. ಗೋಲು ಬಿಟ್ಟಾಗ ನಾವೆಲ್ಲ ಹೋಗಲಿ ಬಿಡಿ ಭಾವ, ಹೋಗಲಿ ಬಿಡಿ ಸಾರ್ ಎನ್ನುತ್ತಿದ್ದೆವು. ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಬರಬೇಕು ಎಂದು ಅವರಿಗೆ ಒಬ್ಬರೂ ಒಂದು ಮಾತು ಹೇಳಿದವರಲ್ಲ. ಗಿರಣಿ ಮಾಲೀಕರ ಅಳಿಯನಿಗೆ ಹೇಳುವುದುಂಟೇ!

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಬೈದದ್ದನ್ನು ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆ. ಅವಳು ಕೆಲಸ ಬಿಟ್ಟು ನನ್ನ ಎದುರು ಬಂದು ಕೂತಳು. ತಲೆಗೆ ಮೊಟಕಿದ್ದನ್ನು ಎರಡು ಸಲ ಹೇಳಿಸಿಕೊಂಡಳು. ಅವಳ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು.

“ಈ ಮನ್ಯಾಗೆ ಅವ್ರಿಗೆ ಯಾರೂ ಒಂದು ದಿನ ಬೈದಿಲ್ಲ ನೋಡು. ಬೈಯೋವಷ್ಟು ಹತ್ರ ಯಾರೂ ಹೋಗೇ ಇಲ್ಲ,” ಎಂದಳು.

ಈಗಲಾದರೂ ಬೈಯೋಣವೆಂದರೆ ಅಭ್ಯಾಸವಿಲ್ಲದ ಬಾಯಿ. ಮಾರನೆಯ ದಿನ ಗಿರಣಿಯಲ್ಲಿ ಭಾವ ಎದುರು ಬಂದಾಗ ಏನಾದರೂ ತಮಾಷೆ ಮಾಡಬೇಕೆಂದು ಬಾಯಿ ತೆರೆದೆ. ಚಹಾ ತರಿಸಲಾ ಭಾವ ಎಂಬ ಮಾತು ಹೊರಬಂತು.

ಲೀಗಿನ ಕೊನೆಯ ಪಂದ್ಯ ನಮ್ಮ ಬಯಲಿನಲ್ಲಿ, ಸೊರಬದ ಮೇಲೆ. ಗೆದ್ದರೆ ನಾವು ಉಳಿಯುತ್ತಿದ್ದೆವು, ಸಮವಾದರೂ ಹೊರಗೆ. ಸೊರಬದವರಿಗೆ ಅದರಿಂದ ಬರುವುದೂ ಇಲ್ಲ ಹೋಗುವುದೂ ಇಲ್ಲ. ವಾರವಿಡೀ ಗಿರಣಿಗೆ ಒಬ್ಬೊಬ್ಬರಾಗಿ ಬಂದರು. ಭಾವ ಇಲ್ಲದ ಹೊತ್ತು ನೋಡಿಯೇ ಬಂದರು. ಮಾವನಾಗಿ ನೀವು ಒಂದು ಮಾತು ಹೇಳಿದರೆ ಸಾಕು ಎಂದು ಟೈಲರ್ ಅಪ್ಪನ ಕೈ ಹಿಡಿದುಕೊಂಡ. ಒಂದೇ ಒಂದು ಗೋಲು ಬಿಟ್ಟರಾಯಿತಲ್ಲವೇ, ಅವರು ತಿಂದ ಅನ್ನ ಈ ಊರಿನದಲ್ಲವೇ ಎಂದು ಹೋಟೆಲಿನವನು ಹೇಳಿದ. ನನಗೆ ಮೈ ಉರಿದುಹೋಯಿತು. ಅವನನ್ನು ಅಲ್ಲಿಂದ ಎಬ್ಬಿಸಿ ಕಳಿಸಿದೆ. ಕಳಿಸಿದ ಮೇಲೆ, ಅಪ್ಪ ಹೇಳಬಹುದೇನೋ, ಹೇಳಿದರೆ ಒಳ್ಳೆಯದೇನೋ ಎಂಬ ಆಸೆ ನನ್ನೊಳಗೂ ಇತ್ತು. ತಂಡ ಹೋದರೆ ನನ್ನ ಭಾನುವಾರಗಳೂ ಹೋಗುತ್ತಿದ್ದವು.

ಪಂದ್ಯದ ಬೆಳಿಗ್ಗೆ ತಿಂಡಿಗೆ ಅಪ್ಪ, ಭಾವ, ನಾನು ಸಾಲಾಗಿ ಕೂತೆವು. ಭಾವನ ಚೀಲ ಬಾಗಿಲ ಬಳಿ ಇತ್ತು, ಅದರಲ್ಲಿ ಸೊರಬದ ಅಂಗಿ. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡರು. ಅಮ್ಮ ಒಲೆಯ ಮುಂದೆ ಕೂತು ಆಲಿಸುತ್ತಿದ್ದಳು. ಅಕ್ಕ ಬಡಿಸುತ್ತಿದ್ದವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಅಳಿಯಂದ್ರೆ ಎಂದು ಅಪ್ಪ ಶುರು ಮಾಡಿದರು. ಭಾವ ತಿನ್ನುವುದನ್ನು ನಿಲ್ಲಿಸಿ ಕಾದರು. ಆಮೇಲೆ ಅಪ್ಪ, ಬಿಸಿಲು ಭಾಳ ಐತ್ರಿ, ತಲಿಗೆ ಏನಾರ ಕಟ್ಕಳ್ರಿ ಎಂದು ಎದ್ದು ಕೈ ತೊಳೆಯಲು ಹೋದರು. ನನ್ನ ಅಪ್ಪ ಭತ್ತದ ದಲ್ಲಾಳಿಗಳನ್ನು ಒಂದು ನೋಟದಲ್ಲಿ ಕೂರಿಸುತ್ತಿದ್ದ ಮನುಷ್ಯ. ಅವರ ಬೆನ್ನು ಅಷ್ಟು ಸಣ್ಣದಾಗಿ ಕಂಡದ್ದು ಅದೇ ಮೊದಲು.

ಆಟದ ಬಗ್ಗೆ ಉದ್ದಕ್ಕೆ ಬರೆಯುವಂಥದ್ದೇನಿಲ್ಲ. ಊರಿನ ಜನ ಎಂದೂ ಇಲ್ಲದಷ್ಟು ಸೇರಿದ್ದರು. ಅಕ್ಕ, ಅಮ್ಮ ಕೂಡ ಬಂದು ಏರಿಯ ಇಳಿಜಾರಿನಲ್ಲಿ ಹೆಂಗಸರ ನಡುವೆ ಕೂತಿದ್ದರು. ನಾವು ಹೊಡೆದದ್ದೆಲ್ಲ ಭಾವನ ಕೈಗೆ ಹೋಗಿ ಸೇರುತ್ತಿತ್ತು. ಸೊರಬದವರು ಹೊಡೆದದ್ದನ್ನು ಸೊರಬದ ಹುಡುಗನೇ ತಡೆಯುತ್ತಿದ್ದ. ತಂಡ ಬದಲಾಗಿ ನಿಂತ ಇಬ್ಬರು ಕೀಪರ್‌ಗಳು ತಮ್ಮ ತಮ್ಮ ಊರಿಗೇ ಅಡ್ಡ ನಿಂತಿದ್ದರು. ಒಂದೂ ಗೋಲಾಗದೆ ಕೊನೆಯ ನಿಮಿಷಗಳು ಬಂದವು. ಆಗ ಸೊರಬದವನೊಬ್ಬ ಗೋಲಿನ ಮುಂದೆ ಟೈಲರನ ಕಾಲಿಗೆ ಕಾಲು ಕೊಟ್ಟ. ಪೆನಾಲ್ಟಿ ಸಿಕ್ಕಿತು.

ಟೈಲರ್ ಚೆಂಡು ಇಟ್ಟ. ಭಾವ ಕಂಬಗಳ ನಡುವೆ ನಿಂತು ಒಮ್ಮೆ ಜನರ ಕಡೆ ನೋಡಿದರು. ಅಪ್ಪ ಕೂತಿದ್ದ ಕುರ್ಚಿಯ ಕಡೆಗೇ ನೋಡಿದ್ದೆಂದು ನನಗೆ ಅನ್ನಿಸಿತು. ಅಪ್ಪ ತಲೆ ತಗ್ಗಿಸಿಬಿಟ್ಟರು. ಟೈಲರ್ ಓಡಿ ಬಂದು ಹೊಡೆದ. ಚೆಂಡು ಭಾವನ ಎಡಕ್ಕೆ, ಕೆಳಗೆ, ಕಂಬದ ಮೂಲೆಗೇ ಹೋಯಿತು. ಭಾವ ಅಷ್ಟುದ್ದಕ್ಕೂ ನೆಲದ ಮೇಲೆ ಚಾಚಿಕೊಂಡರು. ಬೆರಳ ತುದಿಗೆ ತಾಗಿ ಚೆಂಡು ಹೊರಗೆ ಹೋಯಿತು.

ಊರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಏರಿಯ ಮೇಲಿಂದ ಒಂದು ಹೆಣ್ಣು ದನಿ ಕೇಕೆ ಹಾಕಿತು. ತಿರುಗಿ ನೋಡಿದರೆ ಅಕ್ಕ. ಎದ್ದು ನಿಂತಿದ್ದಳು. ಸೆರಗು ಜಾರಿದ್ದು ಗೊತ್ತಿಲ್ಲ, ಸುತ್ತ ಕೂತವರು ನೋಡುತ್ತಿದ್ದದ್ದು ಗೊತ್ತಿಲ್ಲ, ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು. ಅಮ್ಮ ಅವಳ ಸೀರೆ ಹಿಡಿದೆಳೆದು ಕೂರಿಸಿದಳು. ಅಪ್ಪ ತಿರುಗಿ ನೋಡಿದರು, ಅವಳೂ ಅಪ್ಪನನ್ನು ನೋಡಿದಳು. ಆಮೇಲೆ ರೆಫರಿ ಸೀಟಿ ಊದಿದ. ಆಟ ಮುಗಿಯಿತು, ನಮ್ಮ ತಂಡವೂ ಮುಗಿಯಿತು.

ಸೊರಬದವರು ಭಾವನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಬಂದರು. ಅವರು ಬೇಡವೆಂದು ಕೈಮುಗಿದು ತಪ್ಪಿಸಿಕೊಂಡರು. ಟೆಂಪೊ ಹತ್ತಿ ಎಂದು ಹೊಸಬಾಳೆಯ ಯಜಮಾನರು ಕರೆದರೂ ಹತ್ತಲಿಲ್ಲ. ಜನ ಕರಗುವವರೆಗೆ ಬಯಲಿನ ಅಂಚಿನಲ್ಲಿ ಕೂತಿದ್ದು, ದೀಪ ಹಚ್ಚುವ ಹೊತ್ತಿಗೆ ಒಬ್ಬರೇ ನಡೆದುಕೊಂಡು ಮನೆಗೆ ಬಂದರು. ಅಪ್ಪ ಜಗಲಿಯ ಮೇಲೆ ಕೂತಿದ್ದರು, ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಭಾವ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತರು. ಒಳಗೆ ಬರಲೋ ಬೇಡವೋ ಎಂದು ಕೇಳುವವರ ಹಾಗೆ ನಿಂತಿದ್ದರು. ಯಾರದಾದರೂ ಮನೆಗೆ ಮೊದಲ ಸಲ ಬಂದವರೂ ಹಾಗೆ ನಿಲ್ಲುವುದಿಲ್ಲ.

ಅಪ್ಪ, ಚೆಂಡು ಎಡಕ್ಕೇ ಬರುತ್ತದೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರು. ಅಳಿಯನನ್ನು ಅವರು ಫುಟ್‌ಬಾಲ್ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

“ಅವ ಯಾವಾಗ್ಲೂ ಅಲ್ಲಿಗೇ ಹೊಡಿಯದು ಮಾವ. ಇಷ್ಟು ವರ್ಷ ನಂಗೇ ಹೊಡ್ದು ಹೊಡ್ದು ಕಲ್ತವ,” ಎಂದರು ಭಾವ. ಚೀಲ ಕೆಳಗಿಟ್ಟು ಮತ್ತೆ ಹೇಳಿದರು, “ಬಿಡಣ ಅಂತ್ಲೇ ನಿಂತಿದ್ದೆ. ಮನೆ ನೆನಪು ಮಾಡ್ಕಂಡೇ ನಿಂತಿದ್ದೆ. ಕೈ ಹ್ವಾಗ್ಬಿಡ್ತು.”

ಹೇಳಿ ತಮ್ಮ ಎಡಗೈಯನ್ನು ತಾವೇ ನೋಡಿಕೊಂಡರು. ಕಿರುಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಎದ್ದು ಅಂಗಳಕ್ಕೆ ಇಳಿದರು. ಆ ಕೈಯನ್ನು ಹಿಡಿದುಕೊಂಡು ದೀಪದ ಬೆಳಕಿಗೆ ತಂದು ನೋಡಿದರು. ಬೈಯುವುದಕ್ಕೂ ಆಗಲಿಲ್ಲ, ಶಹಬ್ಬಾಸ್ ಎನ್ನುವುದಕ್ಕೂ ಆಗಲಿಲ್ಲ. ಅಕ್ಕ ಅರಿಸಿನ ಕಲಸಿದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ಅಪ್ಪ ಕೈ ಬಿಡಲೆಂದು ಕಾಯುತ್ತಿದ್ದಳು. ಅಪ್ಪ ಬಿಡಲಿಲ್ಲ.

ಯುಗಾದಿ ಮುಗಿದ ಮೇಲೆ ಅಕ್ಕ, ಭಾವ ಇನ್ನು ಅಲ್ಲೇ ಇರುವುದೆಂದು ಕುಪ್ಪಗಡ್ಡೆಗೆ ಹೊರಟರು. ಅಣ್ಣಂದಿರು ಕರೆದಿದ್ದಾರೆ, ಗದ್ದೆಯ ಪಾಲು ನೋಡಿಕೊಳ್ಳಬೇಕು ಎಂದು ಭಾವ ಹೇಳಿದರು. ಇರಿ ಎಂದು ಹೇಳುವುದಕ್ಕೆ ಗಿರಣಿಯಲ್ಲಿ ಅವರಿಗೊಂದು ಕೆಲಸವಿರಲಿಲ್ಲ. ಹೋಗಿ ಬನ್ನಿ ಎಂದು ಹೇಳಿದರೆ ಅಟ್ಟಿದಂತಾಗುತ್ತಿತ್ತು. ಅಳಿಯನನ್ನು ಮನೆ ತುಂಬಿಸಿಕೊಳ್ಳಲು ನಮ್ಮಲ್ಲಿ ಆರತಿ, ಅಕ್ಷತೆ ಎಲ್ಲ ಇವೆ, ಕಳಿಸಿಕೊಡಲು ಏನೂ ಇಲ್ಲ. ಅಮ್ಮ ಆರತಿ ತಟ್ಟೆ ಹಿಡಿದು ಬಂದವಳು ಏನು ಮಾಡಬೇಕೆಂದು ತೋಚದೆ ಬಾಗಿಲಲ್ಲೇ ನಿಂತಳು. ಅಪ್ಪ ಒಳಗಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ಅಳಿಯಂದ್ರು ಹೊರಟರು, ಬನ್ನಿ ಎಂದು ನಾನು ಎರಡು ಸಲ ಕರೆದೆ. ಅವರು ಹೊರಗೆ ಬರಲೇ ಇಲ್ಲ. ನಾನೇ ಹೋಗಿ ಟ್ರಂಕು ಎತ್ತಿ ಬಸ್ಸಿನ ಮೇಲೆ ಹಾಕಿದೆ.